ಪಾಲವಣಕರ ಬಾಳೂ

ಪಾಲವಣಕರ ಬಾಳೂ (1876 – 4 ಜುಲೈ 1955) ಭಾರತದ ಕ್ರಿಕೆಟ್ ಆಟಗಾರ ಹಾಗೂ ಸಾರ್ವಜನಿಕ ಕಾರ್ಯಕರ್ತ. ಎಡಗೈ ನಿಧಾನಗತಿಯ ಸ್ಪಿನ್ ಬೌಲರ್ ಆಗಿದ್ದ ಇವರು ಧಾರವಾಡದಲ್ಲಿ ಜನಿಸಿ, ಪುಣೆ ಮತ್ತು ಮುಂಬಯಿ ನಗರಗಳಲ್ಲಿ ಹೆಸರು ಗಳಿಸಿದರು. ಅಸ್ಪೃಶ್ಯವೆಂದು ಪರಿಗಣಿಸಲಾಗಿದ್ದ ಸಮುದಾಯದಿಂದ ಬಂದು ಭಾರತೀಯ ಕ್ರಿಕೆಟ್‌ನ ಉನ್ನತ ಮಟ್ಟದಲ್ಲಿ ಆಡಿದ ಮೊದಲಿಗರಲ್ಲಿ ಇವರು ಪ್ರಮುಖರು. 1911ರಲ್ಲಿ ಇಂಗ್ಲೆಂಡ್ ಪ್ರವಾಸ ಕೈಗೊಂಡ ಅಖಿಲ ಭಾರತ ತಂಡ ಆಡಿದ 23 ಪಂದ್ಯಗಳ ಪೈಕಿ 15ರಲ್ಲಿ ಸೋತಿತು. ಆ ಪ್ರವಾಸದಲ್ಲಿ ಬಾಳೂ ಒಬ್ಬರೇ 114 ವಿಕೆಟ್‌ಗಳನ್ನು ಪಡೆದರು. ತಮ್ಮ ಕಾಲದ ಶ್ರೇಷ್ಠ ಭಾರತೀಯ ಬೌಲರ್ ಎಂಬ ಮನ್ನಣೆ ಪಡೆದರೂ ಹಿಂದೂ ತಂಡದ ನಾಯಕತ್ವ ಇವರಿಗೆ ಎಂದೂ ಅಧಿಕೃತವಾಗಿ ದೊರೆಯಲಿಲ್ಲ.

ಜನನ ಮತ್ತು ಬಾಲ್ಯ

ಬಾಳೂ ಅವರು 1876ರಲ್ಲಿ (ಕೆಲವು ಆಕರಗಳ ಪ್ರಕಾರ 1875ರಲ್ಲಿ) ಧಾರವಾಡದಲ್ಲಿ ಜನಿಸಿದರು. ಆಗ ಧಾರವಾಡವು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತ್ತು. ಪಾಲವಣಕರ ಎಂಬ ಅಡ್ಡಹೆಸರು ಕುಟುಂಬದ ಮೂಲ ಗ್ರಾಮವಾದ ಪಾಲವಣದಿಂದ ಬಂದುದು. ಕುಟುಂಬವು ಚಮ್ಮಾರ ಸಮುದಾಯಕ್ಕೆ ಸೇರಿತ್ತು. ತೊಗಲಿನ ಕೆಲಸವನ್ನು ಕುಲವೃತ್ತಿಯಾಗಿ ಹೊಂದಿದ್ದ ಈ ಸಮುದಾಯಕ್ಕೆ ದೇವಾಲಯ, ಬಾವಿ ಮತ್ತು ಸಾರ್ವಜನಿಕ ಭೋಜನಗಳಲ್ಲಿ ಪ್ರವೇಶವಿರಲಿಲ್ಲ. ಬ್ರಿಟಿಷ್ ಸೇನೆಯ ದಂಡುಪ್ರದೇಶಗಳು ಇಂತಹ ಕುಟುಂಬಗಳಿಗೆ ನಗದು ಸಂಬಳದ ಕೆಲಸವನ್ನು ನೀಡುತ್ತಿದ್ದವು. ಬಾಳೂ ಅವರ ತಂದೆಯೂ ಸೇನೆಯ ಆಶ್ರಯದಲ್ಲಿ ಪುಣೆಯಲ್ಲಿ ಕೆಲಸಕ್ಕಿದ್ದರು.

ಬಾಳೂ ಹಾಗೂ ಅವರ ತಮ್ಮ ಶಿವರಾಮ ಕ್ರಿಕೆಟ್ ಕಲಿತದ್ದು ಪುಣೆಯ ದಂಡಿನಲ್ಲಿ. ಸೇನಾಧಿಕಾರಿಗಳು ಬಳಸಿ ಬಿಟ್ಟ ಬ್ಯಾಟು ಮತ್ತು ಚೆಂಡುಗಳೇ ಅವರ ಮೊದಲ ಸಾಮಗ್ರಿಗಳಾಗಿದ್ದವು. ಕಿರಿಯ ತಮ್ಮಂದಿರಾದ ಗಣಪತ ಮತ್ತು ವಿಠ್ಠಲ ಮುಂದೆ ಅದೇ ಹಾದಿ ಹಿಡಿದರು. ನಾಲ್ವರು ಸಹೋದರರೂ ಹಿಂದೂ ತಂಡದ ಪರವಾಗಿ ಆಡಿದರು.

ಪುಣೆಯ ದಿನಗಳು

ಬಾಳೂ ಅವರ ಮೊದಲ ಉದ್ಯೋಗ ಪುಣೆಯ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ. ಅಂಕಣ ಗುಡಿಸುವುದು ಮತ್ತು ಉರುಳುಗಲ್ಲು ಹಾಯಿಸುವುದು ಅವರ ಕೆಲಸ; ತಿಂಗಳ ಸಂಬಳ 3 ರೂಪಾಯಿ. ಬಿಡುವಿದ್ದಾಗ ಸದಸ್ಯರಿಗೆ ಅಭ್ಯಾಸಕ್ಕೆಂದು ಚೆಂಡು ಎಸೆಯುತ್ತಿದ್ದರು. 1892ರ ಸುಮಾರಿಗೆ ಅವರು ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದರು. ಅಲ್ಲಿ ಸಂಬಳ 4 ರೂಪಾಯಿಗೆ ಏರಿತು. ಅಂಕಣ ಸಿದ್ಧಪಡಿಸುವುದು, ಬಲೆ ಕಟ್ಟುವುದು ಮತ್ತು ಗೆರೆ ಎಳೆಯುವುದರ ಜೊತೆಗೆ ಅಭ್ಯಾಸದ ಬಲೆಯಲ್ಲಿ ಬೌಲಿಂಗ್ ಮಾಡುವ ಅವಕಾಶವೂ ಅಲ್ಲಿ ದೊರೆಯಿತು.

ಆ ಕ್ಲಬ್ಬಿನ ಪ್ರಮುಖ ಬ್ಯಾಟ್ಸ್‌ಮನ್ ಕ್ಯಾಪ್ಟನ್ ಜೆ. ಜಿ. ಗ್ರೆಗ್. ಇಂಗ್ಲೆಂಡಿನ ಹ್ಯಾಂಪ್‌ಶೈರ್ ಕೌಂಟಿಯ ಪರವಾಗಿಯೂ ಆಡಿದ್ದ ಗ್ರೆಗ್, ಬೊಂಬಾಯಿ ಪ್ರಾಂತ್ಯದ ಯುರೋಪಿಯನ್ ಆಟಗಾರರಲ್ಲಿ ಅತ್ಯುತ್ತಮರೆನಿಸಿದ್ದರು. ಅವರು ಇತರ ಸದಸ್ಯರಿಗಿಂತ ಮೊದಲೇ ಮೈದಾನಕ್ಕೆ ಬಂದು ಬಾಳೂ ಅವರ ಎಸೆತಗಳನ್ನು ಎದುರಿಸುತ್ತಿದ್ದರು. ತಮ್ಮನ್ನು ಔಟ್ ಮಾಡಿದ ಪ್ರತಿಬಾರಿಯೂ ಗ್ರೆಗ್ ಅವರು ಬಾಳೂವಿಗೆ ಎಂಟಾಣೆ ಕೊಡುತ್ತಿದ್ದರೆಂಬ ಐತಿಹ್ಯವಿದೆ. ಆದರೆ ಆ ಬಲೆಗಳಲ್ಲಿ ಬಾಳೂ ಅವರಿಗೆ ಬ್ಯಾಟು ಹಿಡಿಯುವ ಅವಕಾಶವಿರಲಿಲ್ಲ. ವಸಾಹತುಶಾಹಿ ಕ್ರಿಕೆಟ್‌ನಲ್ಲಿ ಬ್ಯಾಟಿಂಗ್ ಒಡೆಯರ ಪಾಲಿನದು, ಬೌಲಿಂಗ್ ದುಡಿಯುವವರ ಪಾಲಿನದು ಎಂಬ ವಿಭಜನೆ ರೂಢಿಯಲ್ಲಿತ್ತು. ದಿನವೂ ಗಂಟೆಗಟ್ಟಲೆ ಸಮರ್ಥ ಬ್ಯಾಟ್ಸ್‌ಮನ್‌ಗಳಿಗೆ ಚೆಂಡು ಎಸೆದ ಈ ದುಡಿಮೆಯೇ ಬಾಳೂ ಅವರ ಕಲಿಕೆಯಾಯಿತು.

ಪೂನಾ ಯುರೋಪಿಯನ್ನರಿಗೆ ಸವಾಲೊಡ್ಡಲು ಬಯಸಿದ್ದ ನಗರದ ಹಿಂದೂ ಕ್ಲಬ್ಬಿನ ಮುಂದೆ ಆಗ ಒಂದು ಪ್ರಶ್ನೆ ಎದ್ದಿತು. ನಗರದ ಅತ್ಯುತ್ತಮ ಹಿಂದೂ ಬೌಲರ್ ಕ್ಲಬ್ಬಿನ ಬಹುಪಾಲು ಸದಸ್ಯರು ಮುಟ್ಟಲೊಲ್ಲದ ಜಾತಿಯವರಾಗಿದ್ದರು. ತೆಲುಗು ಸದಸ್ಯರು ಬಾಳೂ ಅವರನ್ನು ತಂಡಕ್ಕೆ ಸೇರಿಸಿಕೊಳ್ಳುವ ಪರವಾಗಿದ್ದರೆ, ಮರಾಠಿ ಬ್ರಾಹ್ಮಣ ಸದಸ್ಯರಲ್ಲಿ ಅನೇಕರು ವಿರೋಧಿಸಿದರು. ಕೊನೆಗೆ ಗೆಲ್ಲುವ ಆಸೆಯೇ ಮೇಲುಗೈ ಪಡೆದು ಬಾಳೂ ತಂಡ ಸೇರಿದರು.

ತಂಡಕ್ಕೆ ಸೇರಿದ ಮೇಲೂ ಭೇದ ಹೋಗಲಿಲ್ಲ. ಮೈದಾನದಲ್ಲಿ ಎಲ್ಲರೂ ಒಂದೇ ಚೆಂಡನ್ನು ಮುಟ್ಟುತ್ತಿದ್ದರು. ಚಹಾ ವಿರಾಮದಲ್ಲಿ ಮಾತ್ರ ಬಾಳೂ ಅವರಿಗೆ ಪೆವಿಲಿಯನ್ನಿನ ಹೊರಗೆ, ಬಳಸಿ ಒಡೆಯುವ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡಲಾಗುತ್ತಿತ್ತು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು ಇದ್ದವು. ಕೈ ಮುಖ ತೊಳೆಯಲು ಅವರದೇ ಸ್ತರದ ಆಳು ನೀರು ತಂದುಕೊಡಬೇಕಾಗಿತ್ತು.

ಬಾಳೂ ಅವರ ಬೌಲಿಂಗ್ ಬಲದಿಂದ ಹಿಂದೂ ಕ್ಲಬ್ಬು ಪೂನಾ ಯುರೋಪಿಯನ್ನರನ್ನು ಸೋಲಿಸಿತು. ಸಾತಾರಾದ ಯುರೋಪಿಯನ್ ಜಿಮ್ಖಾನಾ ವಿರುದ್ಧದ ಪಂದ್ಯದಲ್ಲಿ, ಅವರ ಸ್ಪಿನ್ ಪರಿಣಾಮಕಾರಿಯಾಗದಂತೆ ಅಂಕಣವನ್ನು ಮೊದಲೇ ಗಟ್ಟಿಯಾಗಿ ಉರುಳಿಸಿಡಲಾಗಿತ್ತು. ಅಲ್ಲಿಯೂ ಅವರು 7 ವಿಕೆಟ್ ಪಡೆದು ಗೆಲುವು ತಂದರು. ಈ ಜಯಗಳ ನಂತರ ಸಮಾಜ ಸುಧಾರಕ ಮಹಾದೇವ ಗೋವಿಂದ ರಾನಡೆ ಅವರು ಬಾಳೂ ಅವರನ್ನು ಸಾರ್ವಜನಿಕವಾಗಿ ಅಭಿನಂದಿಸಿ, ಜೊತೆಗೆ ಆಡುವವರು ಜೊತೆಗೆ ಉಣ್ಣಲು ಹಿಂಜರಿಯಬಾರದೆಂಬ ಅಭಿಪ್ರಾಯ ವ್ಯಕ್ತಪಡಿಸಿದರು. ಬಾಲ ಗಂಗಾಧರ ತಿಲಕರೂ ಅವರನ್ನು ಗೌರವಿಸಿದರು.

ಮುಂಬಯಿಗೆ ವಲಸೆ

1896ರಲ್ಲಿ ಪುಣೆಯಲ್ಲಿ ಪ್ಲೇಗ್ ಹರಡಿತು. ಆ ಕಾಲದಲ್ಲಿ ಬಾಳೂ ಅವರ ಕುಟುಂಬ ಮುಂಬಯಿಗೆ ವಲಸೆ ಹೋಯಿತು. ಅಲ್ಲಿ ಅವರು ಮೊದಲು ಸೇನೆಯಲ್ಲಿ, ಬಳಿಕ ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯಲ್ಲಿ ಕೆಲಸ ಮಾಡಿದರು. ಎರಡೂ ಕಡೆ ಸಂಸ್ಥೆಯ ತಂಡದ ಪರವಾಗಿ ಆಡಿದರು.

ಪರಮಾನಂದದಾಸ ಜೀವನದಾಸ ಹಿಂದೂ ಜಿಮ್ಖಾನಾ ನಗರದ ಹಿಂದೂ ಕ್ರಿಕೆಟ್‌ನ ಕೇಂದ್ರವಾಗಿತ್ತು. ಅಲ್ಲಿಯೂ ಕೆಲವು ಗುಜರಾತಿ ಸದಸ್ಯರು ಬಾಳೂ ಅವರ ಪ್ರವೇಶವನ್ನು ವಿರೋಧಿಸಿದರು. ನಾಯಕ ಕೀರ್ತಿಕರ ಸೇರಿದಂತೆ ಆಟಗಾರರ ಒತ್ತಾಯದಿಂದ ಆ ವಿರೋಧ ನಿಲ್ಲಲಿಲ್ಲ. ಪುಣೆಯಲ್ಲಿದ್ದ ಕಟ್ಟುಪಾಡುಗಳು ಮುಂಬಯಿಯಲ್ಲಿ ಕ್ರಮೇಣ ಸಡಿಲಗೊಂಡು, ಬಾಳೂ ಹಾಗೂ ಶಿವರಾಮ ಜಿಮ್ಖಾನಾದಲ್ಲಿ ಸಹ ಆಟಗಾರರೊಂದಿಗೆ ಕುಳಿತು ಊಟ ಮಾಡುವಂತಾಯಿತು.

1906ರ ಫೆಬ್ರವರಿಯಲ್ಲಿ ಹಿಂದೂಗಳು ಮುಂಬಯಿಯಲ್ಲಿ ಯುರೋಪಿಯನ್ ತಂಡವನ್ನು ಎದುರಿಸಿದರು. ಹಿಂದೂಗಳು ಎರಡು ಇನ್ನಿಂಗ್ಸ್‌ಗಳಲ್ಲಿ 242 ಮತ್ತು 160 ರನ್ ಗಳಿಸಿದರು. ಯುರೋಪಿಯನ್ನರ ಮೊತ್ತ 191 ಮತ್ತು 102. ಹಿಂದೂಗಳು 109 ರನ್‌ಗಳಿಂದ ಗೆದ್ದರು. ಬಂಗಾಳ ವಿಭಜನೆಯ ನಂತರ ಸ್ವದೇಶಿ ಚಳವಳಿ ಬಿಸಿಯೇರಿದ್ದ ಆ ದಿನಗಳಲ್ಲಿ ಆಳುವವರ ಮೇಲಿನ ಈ ಗೆಲುವು ಕ್ರೀಡಾಂಗಣದ ಆಚೆಗೂ ಸುದ್ದಿಯಾಯಿತು. ಗೆದ್ದ ತಂಡದಲ್ಲಿ ಬಾಳೂ ಮತ್ತು ಶಿವರಾಮ ಇದ್ದುದನ್ನು ಸುಧಾರಣಾವಾದಿ ಪತ್ರಿಕೆಗಳು ವಿಶೇಷವಾಗಿ ಗಮನಿಸಿದವು. ಮುಂದಿನ ವರ್ಷ ಯುರೋಪಿಯನ್, ಪಾರ್ಸಿ ಮತ್ತು ಹಿಂದೂ ತಂಡಗಳ ತ್ರಿಕೋನ ಸರಣಿ ಆರಂಭವಾಯಿತು. 1912ರಲ್ಲಿ ಮುಸ್ಲಿಂ ತಂಡ ಸೇರಿ ಅದು ಚತುಷ್ಕೋನ ಸರಣಿಯಾಯಿತು.

1911ರ ಇಂಗ್ಲೆಂಡ್ ಪ್ರವಾಸ

1911ರಲ್ಲಿ ಮೊದಲ ಅಖಿಲ ಭಾರತ ಕ್ರಿಕೆಟ್ ತಂಡ ಇಂಗ್ಲೆಂಡಿಗೆ ತೆರಳಿತು. ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್ ನಾಯಕರಾಗಿದ್ದರು. ಪಾರ್ಸಿ, ಹಿಂದೂ, ಮುಸ್ಲಿಂ ಮತ್ತು ಸಿಖ್ ಸಮುದಾಯಗಳ ಆಟಗಾರರಿದ್ದ ಈ ತಂಡದಲ್ಲಿ ಬಾಳೂ ಮತ್ತು ಶಿವರಾಮ ಸಹೋದರರೊಂದಿಗೆ ಬೆಂಗಳೂರಿನ ಬಿ. ಜಯರಾಮ್ ಕೂಡ ಸ್ಥಾನ ಪಡೆದಿದ್ದರು.

ತಂಡದ ಬಲ ಆರಂಭದಿಂದಲೇ ಕುಂದಿತ್ತು. ಇಂಗ್ಲೆಂಡಿನಲ್ಲಿ ಅದಾಗಲೇ ಪ್ರಸಿದ್ಧರಾಗಿದ್ದ ರಣಜಿತ್‌ಸಿಂಹಜಿ ತಂಡದಲ್ಲಿ ಆಡಲಿಲ್ಲ. ಹತ್ತೊಂಬತ್ತರ ಹರೆಯದ ನಾಯಕ ಮಹಾರಾಜರು ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ಸಮಾರಂಭಗಳಲ್ಲಿ ನಿರತರಾಗಿ ಬೇಗನೆ ತಂಡದಿಂದ ದೂರವಾದರು. ಅವರ ಆಪ್ತ ವರ್ಗದಲ್ಲಿದ್ದ ಕೆ. ಎಂ. ಮಿಸ್ತ್ರಿ ತಂಡದ ಅತ್ಯುತ್ತಮ ಬ್ಯಾಟ್ಸ್‌ಮನ್ ಆಗಿದ್ದರೂ ಕೆಲವೇ ಪಂದ್ಯಗಳಿಗೆ ಲಭ್ಯರಾದರು. ಉಳಿದವರಿಗೆ ಇಂಗ್ಲೆಂಡಿನ ಹವೆ, ಅಂಕಣ ಹಾಗೂ ಬಿಡುವಿಲ್ಲದ ಮೂರು ದಿನಗಳ ಪಂದ್ಯಗಳು ಹೊಸತಾಗಿದ್ದವು.

ಪರಿಣಾಮವಾಗಿ ಸೋಲುಗಳು ಒಂದರ ಮೇಲೊಂದು ಬಂದವು. ತಂಡವು ಒಟ್ಟು 23 ಪಂದ್ಯಗಳಲ್ಲಿ 6ನ್ನು ಗೆದ್ದು, 15ರಲ್ಲಿ ಸೋತು, 2ನ್ನು ಡ್ರಾ ಮಾಡಿಕೊಂಡಿತು. ಅವುಗಳಲ್ಲಿ 14 ಪಂದ್ಯಗಳು ಪ್ರಥಮ ದರ್ಜೆಯವು. ಅವುಗಳ ಪೈಕಿ ಗೆಲುವು 2, ಸೋಲು 10.

ಇಂತಹ ತಂಡದಲ್ಲಿ ಬಾಳೂ ಅವರು ಎಲ್ಲ ಪಂದ್ಯಗಳಿಂದ 18.84ರ ಸರಾಸರಿಯಲ್ಲಿ 114 ವಿಕೆಟ್ ಪಡೆದರು. ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಅವರ ಸಾಧನೆ 20.12ರ ಸರಾಸರಿಯಲ್ಲಿ 75 ವಿಕೆಟ್. ಸೋಲುವ ತಂಡದ ಬೌಲರ್‌ಗೆ ವಿಕೆಟ್ ಪಡೆಯುವ ಅವಕಾಶಗಳೇ ಕಡಿಮೆ. ಎದುರಾಳಿ ದೊಡ್ಡ ಅಂತರದಿಂದ ಗೆದ್ದಾಗ ಅವರ ಎರಡನೆಯ ಇನ್ನಿಂಗ್ಸ್ ನಡೆಯುವುದೇ ಇಲ್ಲ ಅಥವಾ ಕೆಲವೇ ರನ್‌ಗಳಿಗೆ ಮುಗಿಯುತ್ತದೆ. ಅಂಕಣ ಸವೆದು ಚೆಂಡು ಹೆಚ್ಚು ತಿರುಗುವ ಕೊನೆಯ ದಿನದ ಲಾಭ ಸ್ಪಿನ್ ಬೌಲರ್‌ಗೆ ದಕ್ಕುವುದಿಲ್ಲ. ತನ್ನ ತಂಡ ಕಡಿಮೆ ಮೊತ್ತಕ್ಕೆ ಔಟಾದ ಮೇಲೆ ದೀರ್ಘಕಾಲ ಚೆಂಡು ಎಸೆಯುವ ಭಾರವೂ ಅವನದೇ. ಇವುಗಳೊಂದಿಗೆ ಬಾಳೂ ಅವರಿಗೆ ಪ್ರವಾಸದುದ್ದಕ್ಕೂ ಭುಜದ ನೋವು ಕಾಡಿತ್ತು. ಆಗ ಅವರ ವಯಸ್ಸು ಮೂವತ್ತೈದರ ಆಸುಪಾಸು.

ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನ್ನಿಂಗ್ಸ್‌ನಲ್ಲಿ 103 ರನ್‌ಗಳಿಗೆ 8 ವಿಕೆಟ್ ಪಡೆದದ್ದು ಅವರ ಜೀವನದ ಶ್ರೇಷ್ಠ ಸಾಧನೆಯಾಗಿ ಉಳಿಯಿತು. ಆ ಪಂದ್ಯದಲ್ಲೂ ತಂಡ ಗೆಲ್ಲಲಿಲ್ಲ. ಪ್ರಥಮ ದರ್ಜೆಯ ಎರಡು ಗೆಲುವುಗಳೂ ಜುಲೈ ತಿಂಗಳಿನಲ್ಲಿ ಬಂದವು. ಲೆಸ್ಟರ್‌ಶೈರ್ ವಿರುದ್ಧ ಎಚ್. ಡಿ. ಕಾಂಗಾ ಶತಕ ಬಾರಿಸಿದರೆ, ಬಾಳೂ ಎರಡು ಇನ್ನಿಂಗ್ಸ್‌ಗಳಿಂದ 11 ವಿಕೆಟ್ ಪಡೆದರು. ಸಾಮರ್‌ಸೆಟ್ ವಿರುದ್ಧದ ಪಂದ್ಯವನ್ನು ತಂಡ ಕೇವಲ ಒಂದು ವಿಕೆಟ್ ಅಂತರದಿಂದ ಗೆದ್ದಿತು. ಅಲ್ಲಿ ಶಿವರಾಮ ಅಜೇಯ 113 ರನ್ ಗಳಿಸಿದರು, ಬಾಳೂ ಅರ್ಧಶತಕ ಬಾರಿಸಿದರು. ಬಲೆಯಲ್ಲಿ ಬ್ಯಾಟು ಹಿಡಿಯಲು ಅವಕಾಶವಿಲ್ಲದೆ ಬೆಳೆದ ಮನೆಯ ಇಬ್ಬರು ಸಹೋದರರು ಬ್ಯಾಟಿನಿಂದಲೇ ತಂಡವನ್ನು ಉಳಿಸಿದ ಪಂದ್ಯವಿದು.

ಸ್ವದೇಶದಲ್ಲಿ ಸನ್ಮಾನ

ಪ್ರವಾಸದಿಂದ ಮರಳಿದ ಬಾಳೂ ಅವರಿಗೆ ಮುಂಬಯಿಯಲ್ಲಿ ದಲಿತ ಸಮುದಾಯಗಳು ಸನ್ಮಾನ ಏರ್ಪಡಿಸಿದವು. ಆಗ ಕಾಲೇಜು ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರ್ ಅವರು ಈ ಸಮಾರಂಭದ ಮಾನಪತ್ರದೊಂದಿಗೆ ಸಂಬಂಧ ಹೊಂದಿದ್ದರೆಂದು ಇತಿಹಾಸಕಾರ ರಾಮಚಂದ್ರ ಗುಹಾ ದಾಖಲಿಸಿದ್ದಾರೆ. ಶಿಕ್ಷಣ ಮತ್ತು ಅಧಿಕಾರ ಎರಡೂ ದೂರವಿದ್ದ ಸಮುದಾಯಕ್ಕೆ ಬಾಳೂ ಅವರ ಹೆಸರು ಹೆಮ್ಮೆಯ ಆಸರೆಯಾಗಿತ್ತು. ತರುಣ ಅಂಬೇಡ್ಕರರೂ ಅವರನ್ನು ಆದರದಿಂದ ಕಾಣುತ್ತಿದ್ದರು.

ನಾಯಕತ್ವದ ಪ್ರಶ್ನೆ

ಅನುಭವ ಮತ್ತು ಸಾಧನೆ ಎರಡರಲ್ಲಿಯೂ ಹಿಂದೂ ತಂಡದ ಹಿರಿಯರು ಬಾಳೂ ಅವರೇ. ಆದರೂ 1910ರ ದಶಕದುದ್ದಕ್ಕೂ ಚತುಷ್ಕೋನ ಸರಣಿಯಲ್ಲಿ ಅವರಿಗೆ ನಾಯಕತ್ವ ದೊರೆಯಲಿಲ್ಲ. ಆ ಸ್ಥಾನ ಮೇಲ್ಜಾತಿಯ ಆಟಗಾರರ ಪಾಲಾಯಿತು. 1913ರಲ್ಲಿ ನಾಯಕರಾದ ಎಂ. ಡಿ. ಪೈ, ತಮಗೆ ಸಂದ ಗೌರವ ಹಿರಿಯರಾದ ಬಾಳೂ ಅವರಿಗೆ ಸಲ್ಲಬೇಕಿತ್ತೆಂದು ಸಾರ್ವಜನಿಕವಾಗಿ ಹೇಳಿದರು.

1920ರ ಸರಣಿಯಲ್ಲಿ ಈ ಪ್ರಶ್ನೆ ಬಹಿರಂಗ ಸಂಘರ್ಷದ ರೂಪ ಪಡೆಯಿತು. ಪೈ ಅನಾರೋಗ್ಯದಿಂದ ಹೊರಗುಳಿದಾಗ, ಮುಸ್ಲಿಂ ತಂಡದ ವಿರುದ್ಧದ ಮೊದಲ ಪಂದ್ಯಕ್ಕೆ ಡಿ. ಬಿ. ದೇವಧರ್ ನಾಯಕರಾಗಿ ಆಯ್ಕೆಯಾದರು. ಬಾಳೂ ಅವರನ್ನು ತಂಡದಿಂದಲೇ ಕೈಬಿಡಲಾಯಿತು. ತಮಗಿಂತ ಕಿರಿಯರಾದವರನ್ನು ನಾಯಕರನ್ನಾಗಿ ಮಾಡಿದ್ದಕ್ಕೆ ಜಾತಿಯೇ ಕಾರಣವೆಂದು ಭಾವಿಸಿದ ಶಿವರಾಮ ಮತ್ತು ವಿಠ್ಠಲ ತಂಡದಿಂದ ಹೊರನಡೆದು, ತಮ್ಮ ನಿಲುವನ್ನು ಬಹಿರಂಗ ಹೇಳಿಕೆಯ ಮೂಲಕ ಜನರ ಮುಂದಿಟ್ಟರು. ಅಸ್ಪೃಶ್ಯತಾ ನಿವಾರಣೆಯನ್ನು ಗಾಂಧೀಜಿಯವರು ರಾಷ್ಟ್ರೀಯ ಚಳವಳಿಯ ಭಾಗವಾಗಿಸುತ್ತಿದ್ದ ದಿನಗಳವು. ಸಹೋದರರ ಪರವಾಗಿ ಸಾರ್ವಜನಿಕ ಸಹಾನುಭೂತಿ ಬಲವಾಗಿ ವ್ಯಕ್ತವಾಯಿತು.

ಪಾರ್ಸಿ ತಂಡದ ವಿರುದ್ಧದ ಅಂತಿಮ ಪಂದ್ಯಕ್ಕೆ ಪೈ ಮರಳಿದರು. ಪಾಲವಣಕರ ಸಹೋದರರೂ ತಂಡಕ್ಕೆ ಹಿಂದಿರುಗಿದರು. ಬಾಳೂ ಅವರನ್ನು ಉಪನಾಯಕರನ್ನಾಗಿ ನೇಮಿಸಲಾಯಿತು. ಪಂದ್ಯದ ನಡುವೆ ಪೈ ಮೈದಾನದಿಂದ ಹೊರಗುಳಿದು, ತಂಡವನ್ನು ನಡೆಸುವ ಹೊಣೆಯನ್ನು ಬಾಳೂ ಅವರಿಗೆ ಬಿಟ್ಟುಕೊಟ್ಟರು. ಬಾಳೂ ಅವರಿಗೆ ದಕ್ಕಿದ ನಾಯಕತ್ವ ಇಷ್ಟೇ. ಆಗ ಅವರಿಗೆ ನಲವತ್ತು ದಾಟಿತ್ತು. ಆ ಋತುವಿನೊಂದಿಗೆ ಅವರ ಪ್ರಥಮ ದರ್ಜೆಯ ಆಟ ಮುಗಿಯಿತು.

ಮೂರು ವರ್ಷಗಳ ಬಳಿಕ, 1923ರಲ್ಲಿ, ಕಿರಿಯ ತಮ್ಮ ವಿಠ್ಠಲ ಹಿಂದೂ ತಂಡದ ನಾಯಕರಾಗಿ ನೇಮಕಗೊಂಡರು. ಆ ವರ್ಷ ಹಿಂದೂಗಳು ಯುರೋಪಿಯನ್ನರನ್ನು ಸೋಲಿಸಿ ಸರಣಿಯನ್ನು ಗೆದ್ದಾಗ ಅಭಿಮಾನಿಗಳು ವಿಠ್ಠಲರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು.

ಬೌಲಿಂಗ್ ಶೈಲಿ ಮತ್ತು ಸಾಧನೆ

ಬಾಳೂ ಅವರದು ಸರಳ, ಸುಲಲಿತ ಓಟದ ಬೌಲಿಂಗ್. ಎಡಗೈ ಸ್ಪಿನ್ನರ್‌ಗಳ ಸಹಜ ಎಸೆತವಾದ, ಬಲಗೈ ಬ್ಯಾಟ್ಸ್‌ಮನ್‌ನಿಂದ ದೂರ ಸರಿಯುವ ಚೆಂಡಿನ ಜೊತೆಗೆ ಒಳಕ್ಕೆ ಬರುವ ಚೆಂಡನ್ನೂ ಅವರು ಎಸೆಯಬಲ್ಲವರಾಗಿದ್ದರು. ಎಸೆತದ ಎತ್ತರ ಮತ್ತು ವೇಗವನ್ನು ಬದಲಿಸುತ್ತ ಬ್ಯಾಟ್ಸ್‌ಮನ್‌ನ ಲೆಕ್ಕಾಚಾರ ತಪ್ಪಿಸುವುದು ಹಾಗೂ ಗಂಟೆಗಟ್ಟಲೆ ನಿಖರವಾಗಿ ಎಸೆಯುವುದು ಅವರ ಪ್ರಮುಖ ಬಲಗಳಾಗಿದ್ದವು. ಇವೆರಡೂ ಪೂನಾ ಕ್ಲಬ್ಬಿನ ಬಲೆಗಳಲ್ಲಿ ಮೈಗೂಡಿದ್ದವು.

1905–06ರಿಂದ 1920–21ರವರೆಗೆ ಅವರು 33 ಪ್ರಥಮ ದರ್ಜೆಯ ಪಂದ್ಯಗಳಲ್ಲಿ 15.21ರ ಸರಾಸರಿಯಲ್ಲಿ 179 ವಿಕೆಟ್ ಪಡೆದರು. ಇನ್ನಿಂಗ್ಸ್ ಒಂದರಲ್ಲಿ ಐದು ಅಥವಾ ಹೆಚ್ಚು ವಿಕೆಟ್‌ಗಳನ್ನು 17 ಬಾರಿ ಗಳಿಸಿದರು. ಭಾರತ ತನ್ನ ಮೊದಲ ಟೆಸ್ಟ್ ಪಂದ್ಯವನ್ನು ಆಡಿದ್ದು 1932ರಲ್ಲಿ. ಅಷ್ಟು ಹೊತ್ತಿಗೆ ಬಾಳೂ ಆಟದಿಂದ ನಿವೃತ್ತರಾಗಿ ಹತ್ತು ವರ್ಷಗಳೇ ಕಳೆದಿದ್ದುದರಿಂದ ಟೆಸ್ಟ್ ದಾಖಲೆಗಳಲ್ಲಿ ಅವರ ಹೆಸರಿಲ್ಲ.

ರಾಜಕೀಯ ಜೀವನ

ನಿವೃತ್ತಿಯ ನಂತರ ಬಾಳೂ ದಲಿತ ಸಮುದಾಯದ ನಾಯಕರಾಗಿ ಸಾರ್ವಜನಿಕ ಜೀವನದಲ್ಲಿ ತೊಡಗಿದರು. ಅವರು ಗಾಂಧೀಜಿಯವರ ಅಭಿಮಾನಿಯಾಗಿದ್ದರು. 1932ರಲ್ಲಿ ಬ್ರಿಟಿಷ್ ಸರ್ಕಾರ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಘೋಷಿಸಿದಾಗ ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕೈಗೊಂಡರು. ಜಂಟಿ ಮತಕ್ಷೇತ್ರಗಳನ್ನು ಬೆಂಬಲಿಸಿದ್ದ ಬಾಳೂ, ಎಂ. ಸಿ. ರಾಜಾ ಅವರೊಂದಿಗೆ ಸಂಧಾನದಲ್ಲಿ ಭಾಗವಹಿಸಿದರು. ಸೆಪ್ಟೆಂಬರ್ 24ರಂದು ಏರ್ಪಟ್ಟ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು.

ಈ ನಿಲುವು ಅವರನ್ನು ಅಂಬೇಡ್ಕರರಿಂದ ದೂರಮಾಡಿತು. 1935ರಲ್ಲಿ ಅಂಬೇಡ್ಕರರು ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿದಾಗ ಬಾಳೂ ಮತಾಂತರದ ವಿಚಾರವನ್ನು ವಿರೋಧಿಸಿದರು.

ಚುನಾವಣೆಗಳು ಅವರ ಕೈಹಿಡಿಯಲಿಲ್ಲ. 1933ರಲ್ಲಿ ಹಿಂದೂ ಮಹಾಸಭಾದ ಅಭ್ಯರ್ಥಿಯಾಗಿ ಮುಂಬಯಿ ನಗರಸಭೆಗೆ ಸ್ಪರ್ಧಿಸಿ ಸೋತರು. 1937ರಲ್ಲಿ ಬೊಂಬಾಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷ ಅವರನ್ನು ಅಂಬೇಡ್ಕರರ ಎದುರಿಗೇ ನಿಲ್ಲಿಸಿತು. ಅಂಬೇಡ್ಕರರಿಗೆ 13,245 ಹಾಗೂ ಬಾಳೂ ಅವರಿಗೆ 11,225 ಮತಗಳು ಬಂದವು. ಕಾಲು ಶತಮಾನದ ಹಿಂದೆ ಒಂದೇ ಸನ್ಮಾನದ ನೆಪದಲ್ಲಿ ಹತ್ತಿರವಾಗಿದ್ದ ಇಬ್ಬರು, ಒಂದೇ ಜನರ ಹಿತವನ್ನು ಬೇರೆ ಬೇರೆ ದಾರಿಗಳಲ್ಲಿ ಅರಸುತ್ತ ಇಲ್ಲಿ ಎದುರಾಳಿಗಳಾದರು.

ನಿಧನ

ಬಾಳೂ ಅವರು 1955ರ ಜುಲೈ 4ರಂದು ಮುಂಬಯಿಯಲ್ಲಿ ನಿಧನರಾದರು. ಅವರ ಅಂತ್ಯಕ್ರಿಯೆಯಲ್ಲಿ ಕ್ರಿಕೆಟ್ ಆಟಗಾರರು ಹಾಗೂ ದಲಿತ ನಾಯಕರು ಪಾಲ್ಗೊಂಡರು.

ಸ್ಮರಣೆ

ನಿಧನಾನಂತರ ಹಲವು ದಶಕಗಳ ಕಾಲ ಬಾಳೂ ಅವರ ಹೆಸರು ಹೆಚ್ಚು ಪ್ರಚಾರದಲ್ಲಿರಲಿಲ್ಲ. ತಮ್ಮ ವಿಠ್ಠಲರು ಮರಾಠಿಯಲ್ಲಿ ಬರೆದ ಆತ್ಮಕಥೆ ಈ ಕುಟುಂಬದ ಕ್ರೀಡಾ ಜೀವನಕ್ಕೆ ಮುಖ್ಯ ಆಧಾರವಾಗಿದೆ. 2002ರಲ್ಲಿ ಪ್ರಕಟವಾದ, ಭಾರತೀಯ ಕ್ರಿಕೆಟ್‌ನ ಸಾಮಾಜಿಕ ಇತಿಹಾಸವನ್ನು ಕುರಿತ ರಾಮಚಂದ್ರ ಗುಹಾ ಅವರ ಗ್ರಂಥವು ಬಾಳೂ ಅವರನ್ನು ಹೊಸ ಓದುಗರಿಗೆ ಪರಿಚಯಿಸಿತು. 1911ರ ಪ್ರವಾಸದ ಕುರಿತು ಪ್ರಶಾಂತ್ ಕಿದಂಬಿ ಬರೆದ ಗ್ರಂಥ 2019ರಲ್ಲಿ ಹೊರಬಂದಿತು. 2001ರ ಹಿಂದಿ ಚಲನಚಿತ್ರ ಲಗಾನ್‌ನಲ್ಲಿ ಬರುವ ಕಚರಾ ಎಂಬ ಅಸ್ಪೃಶ್ಯ ಸ್ಪಿನ್ ಬೌಲರನ ಪಾತ್ರವನ್ನು ಬಾಳೂ ಅವರೊಂದಿಗೆ ಹೋಲಿಸಲಾಗುತ್ತದೆ.